ಹದಿನಾಲ್ಕು ಇಂಚು

ಇನಾಸನ ಮೀನಿನ ಟೆಂಪೋ ತೊಳೆದು ತಂದಿದ್ದರೂ
ಬಂಗಡೆಯ ವಾಸನೆ ಹೋಗಿರಲಿಲ್ಲ.
ಐಸಿನ ಪೆಟ್ಟಿಗೆಗಳ ಜಾಗದಲ್ಲಿ ಗೋಣಿ ಹಾಸಿ
ಟೆರೇಸಿನಿಂದ ಒಂದೊಂದಾಗಿ ಇಳಿಸಿದೆವು
ಹದಿನೇಳು ಮರಗಳನ್ನು.

ಮರ ಎಂದರೆ ನಗುತ್ತಾರೆ.
ಆಲ, ನನ್ನ ಮೊಣಕಾಲಿಗೆ ಬರುತ್ತದೆ.
ಹುಣಸೆ, ಒಂದು ವರ್ಷ ನಾಲ್ಕು ಕಾಯಿ ಬಿಟ್ಟು
ಸುಸ್ತಾಗಿ ಮತ್ತೆ ಬಿಡಲಿಲ್ಲ.
ಸುರಹೊನ್ನೆ, ಕಡಲ ಗಾಳಿಗೆ ಬಾಗಿದಂತೆ
ಅಪ್ಪ ತಾಮ್ರದ ತಂತಿ ಸುತ್ತಿ ಬಾಗಿಸಿದ್ದು.
ಮತ್ತೆ ಸುರಂಗಿ. ಹೂ ಬಿಡದ ಸುರಂಗಿ.

ಊರ ತುಂಬ ಬಾಗ್‌ಗಳೇ: ಕೋಡಿಬಾಗ, ಕಾಜುಬಾಗ.
ನಮ್ಮ ಕಾಜುಬಾಗದಲ್ಲಿ ಗೇರುಮರ ಹುಡುಕಿದರೆ
ಸಿಗುವುದು ಸೈಕಲ್ ಅಂಗಡಿ.
ನಿಜವಾದ ಬಾಗ್ ಇದ್ದದ್ದು ನಮ್ಮ ನೀರಿನ ಟ್ಯಾಂಕಿಯ ಪಕ್ಕ,
ಹಲಗೆಯ ಮೇಲೆ, ಎರಡು ಸಾಲು.

ಕೊಡೋಣವೆಂದು ಅಪ್ಪನೇ ಹೇಳಿದ್ದು.
ಕೈ ನಡುಗತೊಡಗಿ ಒಂದು ವರ್ಷ.
ದೀಪಾವಳಿಗೆ ಮುಂಚೆ ಕತ್ತರಿ ಜಾರಿ
ಆಲದ ಹನ್ನೊಂದು ವರ್ಷದ ಕೊಂಬೆ ಬಿತ್ತು.
ಎತ್ತಿಕೊಂಡು ಬಹಳ ಹೊತ್ತು ನೋಡಿದ,
ಶರ್ಟಿನ ಜೇಬಿಗೆ ಹಾಕಿಕೊಂಡು ಕೆಳಗಿಳಿದ.
"ಕತ್ತರಿಗೂ ನನಗೂ ಮಾತು ಬಿಟ್ಟಿದೆ" ಅಂದ.

ನಗರಸಭೆಯ ಫಾರ್ಮಿನಲ್ಲಿ ಮೂರು ಕಾಲಂ.
ದಾನಿಯ ಹೆಸರು: ಶಾಬಾ ವಿಠೋಬಾ ತಳೇಕರ.
ವಸ್ತು: ಸುರಂಗಿ ಮರ, ವಯಸ್ಸು ಮೂವತ್ತೈದು, ಎತ್ತರ ಹದಿನಾಲ್ಕು ಇಂಚು.
ಗುಮಾಸ್ತೆ ಕನ್ನಡಕ ಸರಿಮಾಡಿಕೊಂಡಳು,
"ಅಡಿಯೋ ಇಂಚೋ, ಸರಿಯಾಗಿ ಬರೀರಿ ಅಕ್ಕೋರೇ."
ಅಂದಾಜು ಮೌಲ್ಯದ ಮುಂದೆ ಗೆರೆ ಎಳೆದೆ.

ಮರವನ್ನು ಯಾಕೆ ಇಷ್ಟು ಸಣ್ಣದಾಗಿ ಇಟ್ಟೆ
ಎಂದು ನಾವು ಕೇಳಿದವರಲ್ಲ.
ಹವ್ಯಾಸ ಅಂದುಕೊಂಡಿದ್ದೆವು, ಅಂಚೆಚೀಟಿಯ ಹಾಗೆ.
ಬಂದರು ಇಲಾಖೆ ತದಡಿಗೆ ಹಾಕಿತು, ಬೇಲೆಕೇರಿಗೆ, ಹೊನ್ನಾವರಕ್ಕೆ;
ಪ್ರತಿ ಸಲವೂ ಅಮ್ಮ ಪಾತ್ರೆ ಕಟ್ಟುತ್ತಿದ್ದರೆ
ಅವನು ಮರ ಕಟ್ಟುತ್ತಿದ್ದ.

ಉದ್ಯಾನದ ಮಾಲಿ ಹಮ್ಮು ಗೌಡ
ಸುರಂಗಿಯ ಮುಂದೆ ಕುಕ್ಕರಗಾಲಲ್ಲಿ ಕೂತ.
"ಇದಕ್ಕೆ ದಿನಕ್ಕೆ ಎರಡು ಸಲ ನೀರು ಬೇಕು,
ನಲ್ಲಿ ಇಲ್ಲಿ ದಿನ ಬಿಟ್ಟು ದಿನ.
ನೆಲಕ್ಕೆ ಹಾಕ್ಲಾ?"

ಅಪ್ಪ ಕಡಲ ಕಡೆ ತಿರುಗಿದ.
ಆಮೇಲೆ, ನಮಗಲ್ಲ, ಗೌಡನಿಗೆ ಹೇಳಿದ:
"ಇದರ ತಾಯಿ ಅರ್ಗಾದಲ್ಲಿ, ನಮ್ಮ ಅಂಗಳದ್ದು.
ಬೆಳಗಿನ ಜಾವ ಹೆಂಗಸರು ಬುಡಕ್ಕೆ ಸೀರೆ ಹಾಸಿ
ಮೊಗ್ಗು ಉದುರಿಸುತ್ತಿದ್ದರು.
ನೌಕಾನೆಲೆಗೆ ಜಾಗ ಬೇಕು ಅಂತ ನೋಟೀಸು ಬಂತು.
ಹೆಂಚು ಬಿಚ್ಚಬಹುದು, ಬಾಗಿಲು ಬಿಚ್ಚಬಹುದು,
ಅದನ್ನ ಹೇಗೆ ಬಿಚ್ಚೋದು?
ಬುಡದಲ್ಲಿ ಹುಟ್ಟಿದ್ದ ಸಸಿ ಇದು, ಎರಡೆಲೆಯದು.
ಏಳು ಅಂದ ಕೂಡಲೇ ಎತ್ತಿಕೊಂಡು ಹೊರಡುವಷ್ಟೇ
ಬೆಳೆಯಲಿ ಅಂತ ಇಟ್ಟೆ."
ಸ್ವಲ್ಪ ತಡೆದು,
"ಇಲ್ಲಿಂದ ಏಳು ಅಂತ ಯಾರೂ ಹೇಳುವುದಿಲ್ಲ ತಾನೇ?"

"ಇದು ಸರಕಾರದ ಜಾಗ, ಯಾರು ಎಬ್ಬಿಸ್ತಾರೆ?" ಅಂದ ಗೌಡ.
ಅಪ್ಪ ನಕ್ಕ.
ಇನಾಸನೂ ನಕ್ಕ. ಅವನ ಮನೆಯೂ ಅಲ್ಲೇ ಇತ್ತು.

ತಂತಿ ಬಿಚ್ಚಲು ತಾನೇ ಹೋದ, ಬೆರಳು ಕೇಳಲಿಲ್ಲ.
ನಾನು ಬಿಚ್ಚಿದೆ. ತೊಗಟೆಯಲ್ಲಿ ಸುರುಳಿ ಸುರುಳಿ ಗುರುತು.

ಎರಡು ಮಳೆಗಾಲ ಕಳೆಯಿತು. ತಟ್ಟೆಯಲ್ಲೇ ಉಳಿದವುಗಳಲ್ಲಿ
ಹುಣಸೆ ಸತ್ತಿತು, ಸುರಹೊನ್ನೆಯನ್ನು ಯಾರೋ ಒಯ್ದರು.
ನೆಲದ ಸುರಂಗಿ ನನ್ನ ಸೊಂಟಕ್ಕೆ ಬಂದಿದೆ,
ಬುಡದ ಸೊಟ್ಟ ಹಾಗೇ ಇಟ್ಟುಕೊಂಡು.
ಹೂ ಇನ್ನೂ ಇಲ್ಲ. ಗಂಡು ಮರವೋ ಹೆಣ್ಣೋ, ಅದೂ ಗೊತ್ತಿಲ್ಲ.

ಟೆರೇಸಿನ ಹಲಗೆಯ ಮೇಲೆ ಹದಿನೇಳು ಚೌಕ ಕಲೆ.
ಅಮ್ಮ ಈಗ ಅಲ್ಲಿ ಮುರುಗಲ ಸಿಪ್ಪೆ ಒಣಹಾಕುತ್ತಾಳೆ.
ಮೊನ್ನೆ ರಾತ್ರಿ ತೆಗೆಯಲು ಮರೆತಳು.
ನಸುಕಿನಲ್ಲಿ ಅಪ್ಪ ಝಾರಿ ಹಿಡಿದು ಹತ್ತಿದ.
ಸಿಪ್ಪೆಯೆಲ್ಲ ಒದ್ದೆ.
ಅಮ್ಮ ಬೈದಳು, ಜೋರಾಗಿ, ಕೊಂಕಣಿಯಲ್ಲಿ.
ಕೆಂಪು ನೀರು ಹಲಗೆಯಿಂದ ಹನಿಯುತ್ತಲೇ ಇತ್ತು.