ಹೊಸಂಗಡಿಯಲ್ಲಿ ಅಳತೆ

ಲವೀನಾ ಕ್ರಾಸ್ತಾ ಮೂರು ಕಾಗದ ಹರಡಿದಳು
ಕತ್ತರಿಸುವ ಮೇಜಿನ ಮೇಲೆ,
ಮದುಮಗಳ ರವಕೆಯ ತುಂಡುಗಳನ್ನು
ಜೋಪಾನವಾಗಿ ಬದಿಗೆ ಸರಿಸಿ.
"ನೋಡಿ ಟೈಲರಣ್ಣ, ಇದು ಎರಡು ಲಕ್ಷದ್ದು, ಇದು ಮೂರು, ಇದು ಐದು.
ಅವಸರ ಇಲ್ಲ. ಆದರೆ ಮಾರ್ಚಿನೊಳಗೆ."

ಇಪ್ಪತ್ತೆಂಟು ವರ್ಷ ಈ ಊರಿನ ಮೈ ಅಳೆದವನು ನಾನು.
ಯಾರ ಸೊಂಟ ಯಾವ ವರ್ಷ ಎರಡಿಂಚು ಬೆಳೆಯಿತು,
ಯಾರ ಎದೆ ಮಾತಾಡದೆ ಕುಗ್ಗಿತು,
ಎಲ್ಲ ಅಳತೆ ಪುಸ್ತಕದಲ್ಲಿ ಉಂಟು.
ಡಾಕ್ಟರಿಗಿಂತ ಮೊದಲು ಕೆಲವು ಸಲ
ಟೇಪಿಗೆ ಗೊತ್ತಾಗುತ್ತದೆ.

ಮೊದಲನೆಯದು ಅಗ್ಗ. ತಿಂಗಳಿಗೆ ಎರಡು ಪ್ಯಾಂಟಿನ ಮಜೂರಿ.
ಆದರೆ ಕೋಣೆಯ ಬಾಡಿಗೆಗೆ ಮಿತಿ,
ಕಣ್ಣಿನ ಪೊರೆಗೆ ಇಷ್ಟೇ,
ಮಂಡಿಗೆ ಎರಡು ವರ್ಷ ಕಾಯಬೇಕು.
ನನ್ನ ಮಂಡಿ ಪೆಡಲಿನ ಮೇಲೆ ಕೂತು ನಕ್ಕಿತು.
ಮತ್ತೆ ಆಸ್ಪತ್ರೆಗಳ ಪಟ್ಟಿ:
ಕಾಸರಗೋಡು, ಕಾಞಂಗಾಡು, ಕಣ್ಣೂರು.
ಅಲ್ಲಮ್ಮ, ಇಲ್ಲಿ ಎದೆ ಹಿಡಿದುಕೊಂಡರೆ
ರಿಕ್ಷಾ ತಾನಾಗಿಯೇ ಬಡಗು ದಿಕ್ಕಿಗೆ ತಿರುಗುತ್ತದಲ್ಲ,
ತಲಪಾಡಿ ದಾಟಿ ಮಂಗಳೂರಿಗೆ?
ಎದೆನೋವಿಗೆ ಯಾವ ರಾಜ್ಯ?
"ಹೌದು," ಎಂದಳು ಲವೀನಾ,
"ಕಾಗದಕ್ಕೆ ಮಾತ್ರ ರಾಜ್ಯ ಉಂಟು."

ಎರಡನೆಯದಕ್ಕೆ ತಲಪಾಡಿ ದಾಟುವ ಕಾಲುಂಟು.
ಬಿಲ್ಲಿನ ನೂರರಲ್ಲಿ ಇಪ್ಪತ್ತು ನಾವೇ ಕೊಡಬೇಕು.
ಅದು ನನಗೆ ತಟ್ಟನೆ ಅರ್ಥವಾಯಿತು:
ಬಟ್ಟೆ ಅವರದು, ಲೈನಿಂಗು ನಮ್ಮದು.

ಮೂರನೆಯದು ಫ್ಲೋಟರ್. ಮನೆಗೆಲ್ಲ ಒಂದೇ ಥಾನು.
ಯಾರಿಗೆ ಬೇಕೋ ಅವರು ಕತ್ತರಿಸಿಕೊಳ್ಳಬಹುದು;
ಒಬ್ಬನೇ ಉದ್ದ ತೋಳಿನ ಜುಬ್ಬ ಹೊಲಿಸಿಕೊಂಡರೆ
ಆ ವರ್ಷ ಉಳಿದವರಿಗೆ ಬನಿಯನು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ.
ಚಾಚಬಹುದು. ಎಷ್ಟು ಜನರ ಕಾಲು?

"ಮನೆಯಲ್ಲಿ ಯಾರ್ಯಾರು?" ಪೆನ್ನಿನ ಮುಚ್ಚಳ ತೆಗೆದಳು.
ನಾನು. ನನ್ನ ಹೆಂಡತಿ ಸುಗುಣ. ಸಕ್ಕರೆ ಕಾಯಿಲೆ ಉಂಟು, ಬರೆಯಿರಿ.
ಬಟನು ಹಾಕುತ್ತಿದ್ದ ಸುಗುಣ ತಲೆ ಎತ್ತಿದಳು:
"ಬರೆಯಲೇಬೇಕಾ? ಬರೀ ನೂರನಲವತ್ತು."
ಬರೆಯಲೇಬೇಕು. ಸುಳ್ಳು ಅಳತೆಗೆ ಹೊಲಿದದ್ದು
ತೊಟ್ಟ ದಿನವೇ ಕಂಕುಳಲ್ಲಿ ಬಿರಿಯುತ್ತದೆ.
ಮತ್ತೆ ಅಕ್ಕ, ವಾರಿಜ.
ಅವಳ ಮಗ ಮನ್ವಿತ್, ಐಟಿಐ ಎರಡನೇ ವರ್ಷ.

ಪೆನ್ನು ನಿಂತಿತು.
ಗಂಡ, ಹೆಂಡತಿ, ಮಕ್ಕಳು, ತಂದೆ, ತಾಯಿ, ಅತ್ತೆ, ಮಾವ.
ಅತ್ತೆಗೂ ಒಂದು ಚೌಕ ಉಂಟು.
ಅಕ್ಕನಿಗಿಲ್ಲ.

ಇದು ಅಕ್ಕನ ಮನೆ, ಲವೀನಾ.
ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಅವಳಿಗೆ ಬಂದದ್ದು.
ನಾವಿರುವುದು ಅವಳ ಮಾಡಿನ ಕೆಳಗೆ.
ನಮ್ಮಲ್ಲಿ ಸಂತಾನವೆಂದರೆ ಅಳಿಯ.
ಈ ಮೆಷೀನು ಕೂಡ
ಒಂದು ಕಾಲದಲ್ಲಿ ಅವಳ ಬಳೆ.
"ನನಗೆ ಗೊತ್ತಿಲ್ಲವಾ ಅಣ್ಣ?
ಕಂಪೆನಿ ಮುಂಬೈಯಲ್ಲಿ."

ರಾತ್ರಿ ಹನ್ನೊಂದರವರೆಗೆ ಯಾರದೋ ಕರಿಕೋಟಿನ ಬಟ್ಟೆಯ ಮೇಲೆ
ಸೀಮೆಸುಣ್ಣದಲ್ಲಿ ಕೂಡಿಸಿದೆ, ಕಳೆದೆ, ಕೊಡವಿದೆ.
ಐದು ಲಕ್ಷದ ಥಾನು ಮಡಚಿಟ್ಟೆ.
ಎರಡನೆಯದೇ ಸಾಕು, ಎರಡು ಸಲ:
ಒಂದು ನಮ್ಮಿಬ್ಬರಿಗೆ, ಒಂದು ಅವರಿಬ್ಬರಿಗೆ.
ಖರ್ಚು ಜಾಸ್ತಿ. ಇರಲಿ,
ಜೋಡಿಸಿ ಹೊಲಿಯುವಾಗ ಅಂಚಿಗೆಂದು
ಸ್ವಲ್ಪ ಬಟ್ಟೆ ಹೋಗಿಯೇ ಹೋಗುತ್ತದೆ.

ಅಕ್ಕ ಕನ್ನಡಕ ಹಾಕಿ ಫಾರಂ ಓದಿದಳು, ಹಿಂದೆ ಮುಂದೆ.
ನಾಮಿನಿ ಎಂದರೆ ಯಾರು ಎಂದಳು. ಹೇಳಿದೆ.
ಸ್ವಲ್ಪ ಹೊತ್ತು ಸುಮ್ಮನಿದ್ದು,
ಇಂಗ್ಲಿಷಿನ ಚೌಕದೊಳಗೆ ಕನ್ನಡದಲ್ಲಿ
ನನ್ನ ಹೆಸರು ಬರೆದಳು.
ಸಂಬಂಧ: ತಮ್ಮ.
ಅಲ್ಲಿ ಮಾತ್ರ ನನಗೆ ಜಾಗ ಇತ್ತು.

ಆಮೇಲೆ ಕೇಳಿದಳು,
"ಹಲ್ಲಿಗೆ ಉಂಟಾ ಇದರಲ್ಲಿ?"
ಇಲ್ಲ.
"ನೋಡು, ನನಗೆ ನೋವಿರುವುದು ಅದೊಂದೇ,"
ಎಂದು ಕೆನ್ನೆ ಹಿಡಿದುಕೊಂಡು ನಕ್ಕಳು.