ಬಣ್ಣಕ್ಕ ಬೀಳದ ನೂಲು

ಮಂಗಳಾರ, ಶುಕ್ರಾರ ಬೆಟಗೇರಿಯಿಂದ
ಆರೂವರಿ ಬಸ್ಸು.
ಎಡಗೈಗೆ ಎರಡು ಸೂಜಿ, ನಾಕು ತಾಸು.
ಯಂತ್ರ ನನ್ನ ನೆತ್ತರ ತೊಳದು ಕೊಡತೈತಿ,
ನೂಲು ತೊಳದಂಗ. ಆದ್ರ
ತೊಳದ ನೂಲು ಮೂರ ದಿನಕ್ಕ ಹಿಂಗ ಹೊಲಸಾಗೂದಿಲ್ಲ.

ಬ್ಯಾನಿ ಎಲ್ಲಿಂದ ಬಂತು ಅಂತಾರ.
ಹೆಂಗ ಹೇಳ್ಲಿ ಗಂಡಸರ ಮುಂದ?
ಕುಣಿಮಗ್ಗಕ್ಕ ಕಾಲು ಇಳಿಬಿಟ್ಟು ಕುಂತ್ರ
ಏಳೂದು ಕತ್ತಲಾದ ಮ್ಯಾಲ,
ಬಯಲು ಕಣ್ಣು ಮುಚ್ಚಿದ ಮ್ಯಾಲ.
ನೀರ ಕುಡೀಬ್ಯಾಡ, ಮುಗೀತಲ್ಲ, ಅಂದಿದ್ಲು ಅತ್ತಿ.
ಅಕಿಗೂ ಯಾರೋ ಹಂಗ ಅಂದಿದ್ರು.
ಉರಿ ಬಂತು, ಗುಳಗಿ ನುಂಗಿದೆ, ಹೋತು.
ಮತ್ತ ಬಂತು.
ಸೀರಿಗೊಂದು ಜ್ವರ ಅನ್ನೂವಂಗ
ಹದಿನಾರು ವರ್ಷ ನೇದೆ.
ಆಮ್ಯಾಲ ಪಾದ ಬಾತು, ಕಾಲುಂಗರ ಕತ್ತರಿಸಿ ತಗದ್ರು.

ಮೈದುನ ತಿಪ್ಪಣ್ಣ ಹುಬ್ಬಳ್ಳಿಂದ ತಂದ
ಮಿಂಚೂ ಕಾಗದ.
ಅದರಾಗ ಎರಡು ಮೂತ್ರಪಿಂಡ, ಮಾವಿನಕಾಯಿ ಬುಟ್ಟಾದಂಗ.
'ಸ್ಟೆಮ್ ಸೆಲ್ ಅಂತ ವೈನಿ,
ಟೊಂಕದ ಎಲುಬಿನಾಗಿಂದ ತಗದು ಹಾಕ್ತಾರಂತ,
ಬತ್ತಿದ್ದು ಚಿಗೀತೈತಂತ.
ಮೂರು ಲಕ್ಷ. ಹಿತ್ತಲ ಜಾಗಾ ಕೊಟ್ರ…'

ಹಿತ್ತಲ!
ಅಲ್ಲೇ ಈಗ ಪಾಯಖಾನಿ ಐತಿ,
ನಾನ ಹಟಾ ಹಿಡದು ಕಟ್ಟಿಸಿದ್ದು, ಸೊಸಿ ಬರೂಕಿಂತ ಮದಲ.

ಡಾಕ್ಟರಬಾಯಿ ಕಾಗದ ಎರಡ ಸಲ ಓದಿದ್ಲು.
'ಪೂರಾ ಸುಳ್ಳಲ್ಲಮ್ಮ. ಖರೇನೂ ಆಗಿಲ್ಲ ಇನ್ನ.
ಹುಡುಕಾಕತ್ತಾರ. ರೊಕ್ಕ ಮಾತ್ರ ಕೊಡಬ್ಯಾಡ್ರಿ.'
'ಹಂಗಂದ್ರ ಏನ್ರೀ ಅದು?'
'ಏನಾಗಬೇಕಂತ ಇನ್ನೂ ತೀರ್ಮಾನ ಆಗದ ಕೋಶ.'

ಅಷ್ಟು ತಿಳೀತು ನನಗ.
ಬಣ್ಣಕ್ಕ ಬೀಳದ ನೂಲು.
ಮೂಲ್ಯಾಗ ಲಡಿ ಲಡಿ ಇಟ್ಟಿರತೇವಿ,
ದಡಿ ಆದೀತು, ಸೆರಗೂ ಆದೀತು.
ಆದ್ರ ಸವದ ಸೀರ್ಯಾಗ
ಹೊಸಾ ಎಳಿ ತೂರಿಸಿ ನೋಡೀರೇನ್ರೀ?
ಹಳೇ ಎಳಿ ಅದನ್ನ ಹಿಡಕೊಳ್ಳಬೇಕಲ್ಲ.
ಹೊಸಾದು ಎಷ್ಟ ಗಟ್ಟಿ ಇದ್ರೂ
ಹಿಡಕೊಳ್ಳೂದು ಹಳೇದರ ಕೆಲಸ.

ಇದನ್ನ ನಾ ಬಾಯಿಬಿಟ್ಟು ಹೇಳಲಿಲ್ಲ.

ಬಾಜೂ ಕುರ್ಚ್ಯಾಗ ಮೌಲಾಸಾಬ ನದಾಫ,
ಒಂದ ಕಾಲಕ್ಕ ಓಣಿ ತುಂಬ ಅರಳಿ ಹಿಂಜಿದಾಂವ,
ಈಗ ಗಾದಿಗಿಂತ ಹಗುರ.
'ಆ ಕಾಗದ ಒಗದ್ರ್ಯಾ ಅಕ್ಕಾರ?
ನಂಬರ ಇತ್ತೇನು ಅದರ ಮ್ಯಾಲ?'

ಚೀಲದ ತಳದಾಗ ಇತ್ತು, ನಾಕು ಮಡಿಕಿ.
ಒಗದ್ನಿ, ಅಂದೆ.

ಯಂತ್ರ ಒಮ್ಮೆ ಕೂಗಿತು.
ಫಕ್ಕೀರೇಶ ಬಂದು ಗುಂಡಿ ಒತ್ತಿ ಹೋದ.