ಬಿರಡೆ

ಕುರೂಶ್ ಊರಿನ ನಮ್ಮ ಕಾರ್ಖಾನೆಯಲ್ಲಿ
ಹೋದ ತಿಂಗಳವರೆಗೂ ಮೂರು ತಂತ್ರಾಂಶ.
ಮಾರಾಟದ್ದು ಒಂದು, ಗೋದಾಮಿನದು ಇನ್ನೊಂದು,
ಲೆಕ್ಕದ್ದು, ಕೇಳಲೇಬೇಡಿ, ಅದರದೇ ಒಂದು ಗತ್ತು.
ಎತ್ತು ಏರಿಗೆ, ಕೋಣ ನೀರಿಗೆ;
ನಡುವೆ ನೊಗವಾಗಿ ನಾನು, ಓಫೇಲಿಯಾ,
ಒಂದೇ ಆರ್ಡರನ್ನು ಮೂರು ಮೂರು ಸಲ ಕುಟ್ಟುತ್ತ
ಇಪ್ಪತ್ತಾರು ವರ್ಷ.

ಬಾಟಲಿಯ ಬಿರಡೆ ಮಾಡುವವರು ನಾವು.
ಮರದ ತೊಗಟೆ ಸುಲಿದು, ಆರು ತಿಂಗಳು ಬಯಲಿಗಿಟ್ಟು,
ಕುದಿಸಿ, ಕೊರೆದು, ಎಣಿಸಿ, ಚೀಲ ತುಂಬಿ
ಯಾರದೋ ಮದುವೆಯಲ್ಲಿ ಟಪ್ಪೆಂದು ಹಾರಲು ಕಳಿಸುವವರು.
ಸುಲಿದ ಮರದ ಮೈಮೇಲೆ ಆ ವರ್ಷದ ಕೊನೆಯ ಅಂಕಿ
ಬಿಳಿ ಬಣ್ಣದಲ್ಲಿ ಬರೆಯುತ್ತೇವೆ.
ಮತ್ತೆ ಒಂಬತ್ತು ವರ್ಷ ಯಾರೂ ಮುಟ್ಟುವಂತಿಲ್ಲ.
ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ತಂತ್ರಾಂಶ
ನಾನಂತೂ ಕಂಡಿಲ್ಲ.

ಲಿಸ್ಬನ್ನಿನಿಂದ ಬಂದ ಹುಡುಗಿ, ತೆಲ್ಮಾ,
ಹಳೆಯದರ ನಡೆಯನ್ನೆಲ್ಲ ಹಳದಿ ಚೀಟಿಗಳಲ್ಲಿ ಗೋಡೆಗೆ ಅಂಟಿಸಿದಳು:
ಆರ್ಡರ್ ಬಂತು, ದಾಸ್ತಾನು ನೋಡು, ಬೆಲೆ ನೋಡು,
ಸರಿ ಇದ್ದರೆ ಮುಂದೆ, ಇಲ್ಲದಿದ್ದರೆ ಹಿಂದೆ.
ಹನ್ನೊಂದನೆಯ ಚೀಟಿಯಲ್ಲಿ ಪೆನ್ನು ನಿಂತಿತು.
"ಇದೇನಿದು? ದೊಡ್ಡ ಆರ್ಡರು ಯಾವುದೇ ಇರಲಿ
ಸಂಜೆ ನಾಲ್ಕರವರೆಗೆ ತಡೆದಿಡು ಅನ್ನುತ್ತದೆ.
ಕಾರಣದ ಜಾಗ ಖಾಲಿ."

ಧಣಿಯ ಮಗನಿಗೆ ಗೊತ್ತಿಲ್ಲ.
ಲೆಕ್ಕದ ಬಾಲ್ತಜಾರ್ ಹೇಳಿದ: ತೆರಿಗೆಯ ಕಾನೂನಿರಬೇಕು.
ಗೋದಾಮಿನವರು: ಲಾರಿಯ ಹೊತ್ತಿರಬೇಕು.
ಲಾರಿಯವರು: ನಿಮ್ಮಿಂದಾಗಿಯೇ ಅಲ್ಲವೆ ನಾವು ನಾಲ್ಕಕ್ಕೆ ಬರುವುದು!

ನನಗೆ ಗೊತ್ತಿತ್ತು.
ಬಾಯಿ ಬಿಡಲು ಸ್ವಲ್ಪ ಹೊತ್ತು ಹಿಡಿಯಿತು;
ಹಳೆಯ ಸೀಸೆಯ ಬಿರಡೆ ಸಲೀಸಾಗಿ ಬರುವುದಿಲ್ಲ.

ಎರ್ಮೀನಿಯು. ಕಾಡಿನ ಮೇಸ್ತ್ರಿ.
ಯಾವ ದಿಬ್ಬದ ತೊಗಟೆ ಯಾವ ದಪ್ಪವೆಂದು
ಬೆರಳ ಗೆಣ್ಣಲ್ಲಿ ತಟ್ಟಿ ಹೇಳುತ್ತಿದ್ದವನು.
ಅವನು ಹೂಂ ಅನ್ನದೆ ದೊಡ್ಡ ಮಾಲು ಹೊರಡುವಂತಿರಲಿಲ್ಲ.
ಕಾಡಿನಲ್ಲಿ ಸಿಗ್ನಲ್ ಇಲ್ಲ.
ನಾಲ್ಕಕ್ಕೆ ಕೊಡಲಿ ಕೆಳಗಿಟ್ಟು, ಹೊಗೆ ಕಾರುವ ಮೊಪೆಡ್ ಏರಿ,
ಗಾಳಿಗಿರಣಿಯ ಗುಡ್ಡಕ್ಕೆ ಬಂದು ಫೋನ್ ಮಾಡುತ್ತಿದ್ದ:
"ಓಫೇಲಿಯಾ, ಏನೇನಿದೆ ಓದು."
ಓದುತ್ತಿದ್ದೆ. ಹೂಂ. ಹೂಂ. ಅದು ಬೇಡ, ತೂತು ತೊಗಟೆ. ಹೂಂ.
ಆಮೇಲೆ ಒಂದು ನಿಮಿಷ ಬರೀ ಗಾಳಿಯ ಸದ್ದು.
ಇಬ್ಬರೂ ಫೋನ್ ಇಡುತ್ತಿರಲಿಲ್ಲ.
ಇಷ್ಟೇ. ಇದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ,
ಇದ್ದಿದ್ದರೂ ಚೀಟಿಯಲ್ಲಿ ಬರೆಸುತ್ತಿರಲಿಲ್ಲ.

ಅವನು ಸತ್ತು ಏಳು ವರ್ಷ.
ನಿಯಮಕ್ಕೆ ಯಾರೂ ತಿಳಿಸಿರಲಿಲ್ಲ.
ದಿನಾ ನಾಲ್ಕರವರೆಗೆ ಕಾದು
ತಾನೇ ಹೂಂ ಎಂದುಕೊಂಡು
ಮಾಲು ಬಿಡುತ್ತಿತ್ತು.
ನಾನೂ ಸುಮ್ಮನಿದ್ದೆ;
ಲಾರಿ ತಡವಾದರೆ ನನ್ನ ಗಂಟೇನು ಹೋಗಬೇಕು?

ತೆಲ್ಮಾ ಆ ಚೀಟಿ ಕಿತ್ತು ನನ್ನ ಕೈಗೆ ಕೊಟ್ಟಳು.
ಎಸೆ ಅನ್ನಲಿಲ್ಲ, ಇಟ್ಟುಕೋ ಅನ್ನಲಿಲ್ಲ. ಜಾಣೆ.

ಈಗ ಹೊಸದು. ಒಮ್ಮೆ ಕುಟ್ಟಿದರೆ ಸಾಕು,
ಮಾರಾಟ ಗೋದಾಮಿಗೆ ಹೇಳುತ್ತದೆ, ಗೋದಾಮು ಲೆಕ್ಕಕ್ಕೆ;
ಹನ್ನೆರಡೂವರೆಗೆಲ್ಲ ಲಾರಿ ಸೊರಾಯ ಹೊಳೆಯ ಸೇತುವೆ ದಾಟಿರುತ್ತದೆ.
ಸುಳ್ಳೇಕೆ, ಚೆನ್ನಾಗಿದೆ.
ಹೆಬ್ಬೆರಳ ನೋವು ಹೋಯಿತು.
ಬೆಳಕಿರುವಾಗಲೇ ಮನೆ ಸೇರಿ ಬಟಾಣಿ ಸುಲಿಯುತ್ತೇನೆ.

ನಿನ್ನೆ ಅದಕ್ಕೆ ಮರಗಳ ಲೆಕ್ಕ ತುಂಬಿಸಿದೆ.
ಗಿರಣಿ ಗುಡ್ಡದ ಕೆಳಗಿನ ನೂರ ನಲವತ್ತು,
ಈ ಬೇಸಿಗೆ ಸುಲಿದವು. ಇನ್ನೂ ಕೆಂಪಗಿವೆ ಮೈ.
ಒಂಬತ್ತು ವರ್ಷದಾಚೆಗೆ ಒಂದು ನೆನಪೋಲೆ ಇಡಬೇಕು.
ಯಾರಿಗೆ? ಎಂದು ಕೇಳಿತು.
ನನ್ನ ಹೆಸರು ಒತ್ತಿದೆ. ಆಗ ನನಗೆ ಎಪ್ಪತ್ತೊಂದು,
ಈ ಕುರ್ಚಿಯಲ್ಲಿ ಇನ್ಯಾರೋ.
ಹೊತ್ತು?
ಬೆಳಿಗ್ಗೆ ಒಂಬತ್ತು ಎಂದು ತಾನೇ ತುಂಬಿಕೊಂಡಿತ್ತು.
ಅಳಿಸಿ
ಸಂಜೆ ನಾಲ್ಕು ಎಂದು ಹಾಕಿದೆ.
ಕಾರಣ ಕಡ್ಡಾಯವಲ್ಲ ಎಂದಿತ್ತು.
ಬಿಟ್ಟೆ.